ಹೊಸ್ತಿಲಲ್ಲಿ ನಿಂತವಳು

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುವವಳು. ಕೆಲಸವಿಲ್ಲದವರ ಮಾತು ಅನ್ನುತ್ತಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಐದಾರು ವರ್ಷದ ಹಿಂದಿನ ಒಂದು ಸಂಗತಿ ಮಾತ್ರ ನನ್ನ ಬುದ್ಧಿಗೆ ಸಿಕ್ಕಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಗುಡಿಬಂಡೆ ಹತ್ತಿರ ನಮ್ಮದು ಸ್ವಲ್ಪ ಹಿಪ್ಪುನೇರಳೆ ತೋಟ. ರೇಷ್ಮೆಹುಳ ಸಾಕುವ ಮನೆಯ ಗೋಡೆ ಬಿರುಕು ಬಿಟ್ಟು ಇರುವೆ ನುಗ್ಗುತ್ತಿದ್ದವು. ಸ್ಕೂಲಿನ ಟೀಚರಮ್ಮ ವರ್ಗವಾಗಿ ಹೋಗುವಾಗ ಕೊಟ್ಟ ಹಳೇ ಕ್ಯಾಲೆಂಡರಿನ ದೊಡ್ಡ ಹಾಳೆಯನ್ನು ಅದರ ಮೇಲೆ ಅಂಟಿಸಿದೆ. ಹಾಲೆಂಡ್ ಅನ್ನೋ ದೇಶದ ಚಿತ್ರವಂತೆ, ಮುನ್ನೂರು ವರ್ಷ ಹಳೇದಂತೆ. ದೇವರಿಲ್ಲ, ರಾಜನಿಲ್ಲ. ಒಂದು ಅಡುಗೆಮನೆ, ಮೇಜಿನ ಸುತ್ತ ನಗುತ್ತಾ ತರಕಾರಿ ಹೆಚ್ಚುವ ಮೂವರು ಹೆಂಗಸರು, ಒಲೆ ಹತ್ತಿರ ಕೊಳವೆಯಲ್ಲಿ ಹೊಗೆ ಸೇದುವ ಗಂಡಸು. ಒಂದು ಸ್ಟೂಲು ಖಾಲಿ. ಬಾಗಿಲಲ್ಲಿ ಇನ್ನೊಬ್ಬಳು, ಸೊಂಟದ ಮೇಲೆ ಬುಟ್ಟಿ, ಒಂದು ಕಾಲು ಒಳಗೆ, ಒಂದು ಹೊರಗೆ.

"ಇಂಥದ್ದನ್ನೂ ಬರೀತಾರಾ ಟೀಚರಮ್ಮ?" ಅಂದಿದ್ದೆ.

"ದಿನಾ ಮಾಡೋ ಕೆಲಸಾನೇ ಬರೀತಿದ್ದರು ಅಜ್ಜಿ."

"ಹಂಗಾರೆ ನಮ್ಮನೇಗೂ ಬಂದು ಬರೀಲಿ. ಆ ಹೊಗೆ ಸೇದೋನ್ನ ಮಾತ್ರ ಹೊರಗೆ ಕೂರಿಸ್ಲಿ."

ಹುಳಕ್ಕೆ ಹೊಗೆಸೊಪ್ಪು ವಿಷ. ಅದು ತಗುಲಿದ ಹಿಪ್ಪುನೇರಳೆ ಸೊಪ್ಪು ತಿಂದರೆ ಕಕ್ಕಿ ಸಾಯುತ್ತವೆ.

ಆ ಹೊಗೆಸೊಪ್ಪಿನಿಂದಲೇ ನಾನೂ ಪಕ್ಕದ ಮನೆಯ ನನ್ನ ಓರಗಿತ್ತಿ ತಿಪ್ಪಕ್ಕನೂ ಮಾತು ಬಿಟ್ಟದ್ದು. ಅವಳು ಎಲೆಅಡಿಕೆ ಜೊತೆ ಹಾಕಿಕೊಳ್ಳುವವಳು. ಒಂದು ಸಲ ಅವಳು ಬಂದು ಸೊಪ್ಪು ಹಾಕಿಕೊಟ್ಟು ಹೋದ ಮೇಲೆ ನನ್ನ ಹುಳ ಪೂರ್ತಿ ಸತ್ತವು. ನಿನ್ನ ಕೈಯೇ ಕೊಂದಿದ್ದು ಅಂತ ಬೀದಿಯಲ್ಲಿ ನಿಂತು ಅಂದೆ. ತಿಂಗಳಾದ ಮೇಲೆ, ಅವತ್ತು ಸೊಪ್ಪು ತುಂಬಿದ್ದ ಗೋಣಿಚೀಲ ಒದರಿದರೆ ತಳದಲ್ಲಿ ಹೊಗೆಸೊಪ್ಪಿನ ಪುಡಿ. ಸಂತೆಯಿಂದ ನಾನೇ ತಂದಿದ್ದ ಹಳೇ ಚೀಲ. ಸುಟ್ಟು ಹಾಕಿದೆ, ಬಾಯಿ ಮುಚ್ಚಿಕೊಂಡೆ. ಹಾಗೇ ಒಂಬತ್ತು ವರ್ಷ ಕಳೆಯಿತು.

ಹುಳ ಹಣ್ಣಾದಾಗ, ಅಂದರೆ ಸೊಪ್ಪು ಬಿಟ್ಟು ಗೂಡು ಕಟ್ಟಲು ತಲೆ ಎತ್ತಿದಾಗ, ಒಂದೊಂದನ್ನೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳು. ಅದಕ್ಕೆ ಅಕ್ಕಪಕ್ಕದವರನ್ನು ಕೂಗುತ್ತೇವೆ. ಕೂಗಿದರೆ ಜಗಳವಿದ್ದರೂ ಬರಲೇಬೇಕು. ಕೂಗದೆ ಮಾತ್ರ ಯಾರೂ ಇನ್ನೊಬ್ಬರ ಹುಳದ ಮನೆ ಹೊಸ್ತಿಲು ತುಳಿಯುವುದಿಲ್ಲ.

ನಾನು ಹೇಳಹೊರಟ ಆ ಮಧ್ಯಾಹ್ನ ಸೊಸೆಗೆ ಹೆರಿಗೆ ನೋವು ಬಂದು ಮಗ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದ. ಬೀದಿಯವರೆಲ್ಲ ಕಡಲೆಕಾಯಿ ಕೀಳಲು ಹೊಲಕ್ಕೆ ಹೋಗಿದ್ದರು. ಹುಳ ಒಂದು ದಿನ ಮುಂಚೆಯೇ, ಎಲ್ಲ ಒಟ್ಟಿಗೆ ಹಣ್ಣಾದವು. ಸೊಸೆಯ ಬಾಣಂತನ ನಡೆಯಬೇಕಾದದ್ದೇ ಆ ಗೂಡು ಮಾರಿದ ದುಡ್ಡಿನಿಂದ. ಊರಲ್ಲಿ ಇದ್ದದ್ದು ತಿಪ್ಪಕ್ಕ ಒಬ್ಬಳು. ಕೂಗಲು ನಾಲಿಗೆ ಏಳಲಿಲ್ಲ.

ಒಬ್ಬಳೇ ಆಯುತ್ತಾ ಆಯುತ್ತಾ ಗೋಡೆ ಕಡೆ ನೋಡಿದೆ. ಚಿತ್ರದ ಬಾಗಿಲಲ್ಲಿ ಯಾರೂ ಇರಲಿಲ್ಲ. ಬುಟ್ಟಿಯವಳು ಸ್ಟೂಲಿನ ಮೇಲೆ ಕೂತಿದ್ದಳು, ಬುಟ್ಟಿ ನೆಲದಲ್ಲಿತ್ತು. ಕಣ್ಣಿಗೆ ಪೊರೆ ಬಂತೇನೋ ಅಂದುಕೊಂಡು ಸೆರಗಿನಲ್ಲಿ ಒರೆಸಿಕೊಂಡು ಹತ್ತಿರ ಹೋಗಿ ನೋಡಿದೆ. ಕೂತೇ ಇದ್ದಳು.

ಹಿಂದೆ ಸದ್ದಾಯಿತು. ನನ್ನ ಹೊಸ್ತಿಲಲ್ಲಿ ತಿಪ್ಪಕ್ಕ. ಸೊಂಟದ ಮೇಲೆ ಬುಟ್ಟಿ, ಒಂದು ಕಾಲು ಒಳಗೆ.

"ಬಂದೆ ಅಂದ್ರೂ ಮೂರು ಸಲ ಕೂಗ್ತೀಯಲ್ಲೇ, ಕೈ ತೊಳಿಯಾಕೂ ಬಿಡಲ್ಲ," ಅಂತ ಎರಡೂ ಕೈ ನನ್ನ ಮೂಗಿಗೆ ಹಿಡಿದಳು. "ಮೂಸು. ಸೋಪು ಹಾಕಿ ತೊಳೆದೀನಿ. ಆಮೇಲೆ ಬೀದೀಲಿ ನಿಂತ್ಕಬ್ಯಾಡ."

ಮೂಸಲಿಲ್ಲ. ಆ ಕೈ ಹಿಡಿದುಕೊಂಡೆ. "ಅಕ್ಕಾ, ಅವತ್ತು ಕೊಂದಿದ್ದು ನಿನ್ನ ಕೈಯಲ್ಲ. ನನ್ನ ಚೀಲ."

"ನೀನು ಚೀಲ ಸುಟ್ಟಾಗ ಹೊಗೆ ನಮ್ಮನೇಗೇ ಬಂತು ಕಣೆ. ಹೊಗೆಸೊಪ್ಪಿನ ವಾಸನೆ ನನಗೆ ತಿಳಿಯಲ್ವಾ? ಕೂತ್ಕ, ಹುಳ ನೋಡು."

ಹೊತ್ತು ಮುಳುಗುವುದರೊಳಗೆ ಮುಗಿಸಿದೆವು. ಮಗನ ಫೋನು ಬಂತು, ಹೆಣ್ಣು ಮಗು. ತಿಪ್ಪಕ್ಕ ಕೈ ತೊಳೆಯಲು ಎದ್ದಾಗ ಚಿತ್ರ ನೋಡಿದೆ. ಬುಟ್ಟಿಯವಳು ಮತ್ತೆ ಬಾಗಿಲಲ್ಲಿ, ಸ್ಟೂಲು ಖಾಲಿ.

ನಾನು ಕೂಗಿರಲಿಲ್ಲ. ಹೇಳಿದರೆ ತಿಪ್ಪಕ್ಕ ನಗುತ್ತಾಳೆ, ನಿನ್ನ ದನಿ ನನಗೆ ಗೊತ್ತಿಲ್ವಾ ಅಂತಾಳೆ. ನನ್ನ ಕಣ್ಣು ಮೋಸ ಮಾಡಿತು ಅನ್ನೋಣ, ಅವಳ ಕಿವಿಗೆ ಏನಾಗಿತ್ತು? ಈಗ ಹುಳ ಹಣ್ಣಾದ ದಿನ ನಾನು ಬಾಯಿಬಿಟ್ಟೇ ಕೂಗುತ್ತೇನೆ, ಮೂರು ಸಲ. ಅವತ್ತು ಕೂಗಿದ್ದು ಯಾರೋ, ನನಗೆ ತಿಳಿಯದು.