ಯಾರಿಗೂ ಹೇಳಬಾರದ ಔಷಧ

ಆ ಸರ್ಜನ್ನರ ಬೆರಳುಗಳು ಸದಾ ತಣ್ಣಗಿರುತ್ತಿದ್ದವು. ರೋಗಿಯನ್ನು ಕಿಟಕಿಯ ಬಳಿ ನಿಲ್ಲಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡುತ್ತಿದ್ದರು. ಟ್ಯೂಬ್‌ಲೈಟಿನಲ್ಲಿ ಹಳದಿ ಅಡಗಿಕೊಳ್ಳುತ್ತದೆ ಎಂಬುದು ಅವರ ದೂರು. ಅವ್ವನ ರೆಪ್ಪೆಯನ್ನು ಎರಡೆರಡು ಸಲ ಜಗ್ಗಿ ನೋಡಿದರು.

ಬೆಳಗಾವಿಯಲ್ಲಿ ಅವರು ಲಿವರ್ ಮತ್ತು ಮೇದೋಜೀರಕದ ಆಪರೇಶನ್ ಮಾಡುತ್ತಿದ್ದರು. ಮೇದೋಜೀರಕಕ್ಕೆ ಅವರಿಟ್ಟ ಹೆಸರು 'ಸಿಟ್ಟಿನ ಅಂಗ'. "ಮುಟ್ಟಿದ್ರ ಸಿಟ್ಟಾಗತೈತಿ, ಬಿಟ್ರ ಗಡ್ಡಿ ಬೆಳೀತೈತಿ" ಎನ್ನುತ್ತಿದ್ದರು. ಜನ ಯಾಕೆ ಚಾಕುವಿಗೂ ಎಟುಕದಷ್ಟು ತಡವಾಗಿ ಬರುತ್ತಾರೆ ಎಂಬುದೇ ಅವರ ಸಂಶೋಧನೆ. ದಪ್ಪ ನೋಟ್‌ಬುಕ್ ತೆರೆದು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಕಣ್ಣು ಹಳದಿಯಾಗಿ ಎಷ್ಟು ದಿನವಾಯಿತು, ನಡುವೆ ಏನು ಕುಡಿದಿರಿ?

"ಎಂಟ ದಿನ ಆತ್ರೀ. ಏನೂ ಕುಡದಿಲ್ರೀ" ಎಂದೆ. ಅವರು ಬರೆದುಕೊಂಡರು.

ಅದು ಶುದ್ಧ ಸುಳ್ಳು. ನಲವತ್ತು ದಿನವಾಗಿತ್ತು. ಅನಗೋಳದ ಮನೆಯಿಂದ ಅವ್ವನನ್ನು ಬೈಕಿನಲ್ಲಿ ಕೂರಿಸಿಕೊಂಡು ಐದು ಸಲ ಖಾನಾಪುರಕ್ಕೆ ಹೋಗಿದ್ದೆ. ಅಲ್ಲೊಬ್ಬ ಅಜ್ಜಿ ಕಾಮಣಿಗೆ, ಅಂದರೆ ಕಾಮಾಲೆಗೆ, ಬೇರು ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಿದ್ದಳು. ಅವಳದು ಒಂದೇ ಕಟ್ಟಳೆ: ಕುಡಿದದ್ದನ್ನು ಯಾರಿಗೂ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ. ಅವ್ವ ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿದ್ದಳು. ಬಿ.ಕಾಂ. ಓದಿ ರವಿವಾರ ಪೇಟೆಯಲ್ಲಿ ಕಾಳಿನ ಅಂಗಡಿ ನಡೆಸುವ ನಾನು, ಬಾಯಿಬಿಟ್ಟರೆ ಅವ್ವ ಸಾಯುತ್ತಾಳೆ ಎಂದು ನಂಬಿದ್ದೆ. ನಗಬೇಡಿ.

ಅವ್ವನನ್ನು ಅಡ್ಮಿಟ್ ಮಾಡಿದ ಮೂರನೇ ದಿನ ರಿಪೋರ್ಟು ಹಿಡಿದು ಅವರು ನನ್ನನ್ನು ಹೊರಗೆ ಕರೆದರು.

"ಮೇದೋಜೀರಕದಾಗ ಗಡ್ಡಿ ಐತಿ, ಪಿತ್ತ ತಡದೈತಿ. ಆದ್ರ ಎಂಟ ದಿನದ ಕಾಮಣಿಗೆ ಲಿವರ್ ಇಷ್ಟ ಕೆಡೂದಿಲ್ರೀ. ಒಳಗ ಬ್ಯಾರೆ ರೋಗನೂ ಇರಬೇಕು. ನಾಳೆ ಸೂಜಿ ಹಾಕಿ ಲಿವರಿನ ತುಣುಕ ತಗದು ನೋಡ್ಬೇಕು. ಖರೇ ಹೇಳ್ಬೇಕಂದ್ರ ನನಗ ಹೆದರಿಕಿ ಐತಿ. ಅವ್ರ ರಕ್ತ ಲಗೂ ನಿಂದ್ರೂದಿಲ್ಲ."

ಹೇಳಿದರೂ ಅವ್ವ ಹೋಗುತ್ತಾಳೆ, ಹೇಳದಿದ್ದರೂ ಹೋಗುತ್ತಾಳೆ. ಕೊನೆಗೆ ಹೇಗೋ ಒದರಿದೆ: "ನಲವತ್ತ ದಿನ ಆತ್ರೀ ಸಾಹೇಬ್ರ. ಖಾನಾಪುರದಾಗ ಬೇರಿನ ಔಷಧ ಕುಡಿಸೇನಿ. ಹೇಳಬಾರದಂತ ಆಣಿ ಇತ್ತು." ಹೇಳಿದವನೇ ವಾರ್ಡಿಗೆ ಓಡಿಹೋಗಿ ಅವ್ವನ ಉಸಿರು ನೋಡಿ ಬಂದೆ.

ಅವರು ಬೈಯಲಿಲ್ಲ. ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದರು. ಖಾನಾಪುರ ಕಡೆಯಿಂದ ಬಂದವರದೆಲ್ಲ ಅದೇ ಉತ್ತರ: ಎಂಟು ದಿನ, ಹತ್ತು ದಿನ, ಏನೂ ಕುಡಿದಿಲ್ಲ. ಸಾಹೇಬರು ಒಂದೊಂದರ ಮೇಲೂ ಬೆರಳಿಟ್ಟರು. "ಹಂಗಾರ ಇವ್ರೆಲ್ಲಾರದೂ ಆಣಿನೇ?" ಎಂದರು. ವರ್ಷಗಟ್ಟಲೆ ಬರೆದದ್ದು ಕಣ್ಣೆದುರೇ ಹಾಳಾಗಿತ್ತು.

ಲಿವರ್ ಕೆಟ್ಟದ್ದಕ್ಕೆ ನಲವತ್ತು ದಿನದ ಕಾಮಣಿ ಮತ್ತು ಬೇರೇ ಕಾರಣವೆಂದು ಗೊತ್ತಾಗಿ, ಸೂಜಿ ಹಾಕುವುದು ತಪ್ಪಿತು. ಬೇರು ನಿಲ್ಲಿಸಿ, ಕೊಳವೆ ಹಾಕಿ ಪಿತ್ತ ಇಳಿಸಿ, ಕೆಲವು ವಾರ ಕಾದು ಗಡ್ಡೆ ತೆಗೆದರು. ಅವ್ವ ಉಳಿದಳು. ಆಣೆ ಮುರಿದವನೆಂದು ಇವತ್ತಿಗೂ ನನ್ನನ್ನು ಬೈಯುತ್ತಾಳೆ.

ಆಮೇಲೊಂದು ಭಾನುವಾರ ಅವರು ನನ್ನನ್ನು ಕರೆದುಕೊಂಡು ಅಜ್ಜಿಯ ಮನೆಗೇ ಹೋದರು. ಜಗಳವಾಗುತ್ತದೆಂದು ನಾನು ಹೊಸ್ತಿಲಲ್ಲೇ ನಿಂತೆ. ಅವರು ನೆಲದ ಮೇಲೆ ಕೂತು ಕೈಮುಗಿದರು.

"ಆಯಿ, ನೋವಿಲ್ದ ಕಾಮಣಿ ಬಂತಂದ್ರ ಒಳಗ ಗಡ್ಡಿ ಇರಬಹುದು, ಔಷಧ ಕೊಡಬ್ಯಾಡ್ರಿ, ನನ್ನ ಕಡೆ ಕಳಸ್ರಿ. ಮೊದಲ ಕುಡದವ್ರಿಗೆ, ನನ್ನೊಬ್ಬನ ಮುಂದ ಹೇಳಾಕ ಪರವಾನಗಿ ಕೊಡ್ರಿ."

ಅಜ್ಜಿ ಅವರ ಮುಗಿದ ಕೈ ಹಿಡಿದು ಇಳಿಸಿದಳು. "ಆತು. ಈ ಡಾಕ್ಟರ್ ಮುಂದ ಹೇಳಿದ್ರ ಗುಣ ಹೋಗೂದಿಲ್ಲ ಅಂತೀನಿ. ನಿಮ್ಮೊಬ್ರ ಮುಂದ ಅಷ್ಟ."

ಅಂದಿನಿಂದ ಖಾನಾಪುರದವರು ಬೇಗ ಬರತೊಡಗಿದರು. ಕಿಟಕಿಯ ಬಳಿ ನಿಂತು ದಿನಗಳನ್ನು ಸರಿಯಾಗಿ ಹೇಳುತ್ತಿದ್ದರು. ಡಾಕ್ಟರು ಹೊಸ ನೋಟ್‌ಬುಕ್ ಕೊಂಡು ಮೊದಲಿನಿಂದ ಬರೆಯತೊಡಗಿದ್ದರು.

ಹೋದ ವರ್ಷ ಡಾಕ್ಟರು ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಮುಟ್ಟಿಸಲು ನಾನೇ ಖಾನಾಪುರಕ್ಕೆ ಹೋದೆ. ಅಜ್ಜಿಯ ಕಟ್ಟೆಯ ಮೇಲೆ ಗಂಡ ಹೆಂಡತಿ ಕೂತಿದ್ದರು. ಗಂಡನ ಕಣ್ಣು ಅರಿಶಿನದಂತೆ ಹಳದಿ. ಬೆಳಗಾವಿಗೆ ಹೊರಡಿ ಎಂದು ಅಜ್ಜಿ ಆಗತಾನೇ ಹೇಳಿದ್ದಳಂತೆ. ನಾನು ಹೇಳಿದ್ದು ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೇಳಿದಳು:

"ಇವ್ರಿಗೆ ಇನ್ನ ಯಾರ ಮುಂದ ಹೇಳ್ರಿ ಅನ್ಲೋ ತಮ್ಮಾ?"

ಆ ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.