ಬೈದವರ ಜೊತೆ ಅರ್ಧ ಕಪ್ ಕಾಫಿ

ಅಂಪೈರ್ ಅಂಕಲ್ ಅವರ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ವಿಕೆಟ್ ಕೀಪಿಂಗ್ ಮಾಡುವಾಗ ಬಿದ್ದ ಪೆಟ್ಟು. ಔಟ್ ಕೊಟ್ಟರೆ ಆ ಬೆರಳು ಆಕಾಶ ಬಿಟ್ಟು ಮೈದಾನದ ಅಂಚಿನ ಹೊಂಗೆಮರವನ್ನು ತೋರಿಸುತ್ತಿತ್ತು.

"ಔಟ್ ನಾನಾ, ಮರಾನಾ ಅಂಕಲ್?"

"ಮರ ಸುಮ್ನೆ ನಿಂತಿದೆ. ನೀನು ಹೊರಡಪ್ಪ."

ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು. ನಿವೃತ್ತರಾದ ಮೇಲೆ ಭಾನುವಾರದ ಟೆನಿಸ್ ಬಾಲ್ ಪಂದ್ಯಗಳಿಗೆಲ್ಲ ಅವರೇ ಅಂಪೈರ್. ದಿನಚರಿ ಬರೆಯುವ, ಎಲ್ಲಕ್ಕೂ ಲೆಕ್ಕ ಇಡುವ ಚಾಳಿಯ ನಾನು ಸ್ಕೋರರ್. ಪಂದ್ಯ ಮುಗಿದೊಡನೆ ತಮ್ಮನ್ನು ಎಲ್ಲರಿಗಿಂತ ಜೋರಾಗಿ ಬೈದವನ ಹೆಗಲ ಮೇಲೆ ಕೈಹಾಕಿ, ಮೈದಾನದೆದುರಿನ ದರ್ಶಿನಿಗೆ ಕರೆದೊಯ್ದು, ಒಂದನ್ನೇ ಇಬ್ಬರಿಗೆ ಅರ್ಧರ್ಧ ಹಂಚುವ ಬೈ-ಟೂ ಕಾಫಿ ಹೇಳುವುದು ಅವರ ಪದ್ಧತಿ. ಅಲ್ಲಿ ಮನೆ, ಕೆಲಸ, ಮದುವೆ ಎಲ್ಲ ಮಾತಿಗೆ ಬರುತ್ತಿತ್ತು. ತೀರ್ಪು ಮಾತ್ರ ಇಲ್ಲ.

ಹೋದ ವರ್ಷದ ಫೈನಲ್‌ನ ಒಂದೊಂದು ಬಾಲೂ ನನ್ನ ದಿನಚರಿಯಲ್ಲಿದೆ! ನಮ್ಮ ಬೀದಿಗೂ ಗವಿಪುರದ ಹುಡುಗರಿಗೂ ಪಂದ್ಯ. ಕೊನೆಯ ಓವರಿಗೆ ಮುಂಚೆ ಅಂಕಲ್ ತಮ್ಮ ಟೋಪಿ ತೆಗೆದು ನನ್ನ ತಲೆಗಿಟ್ಟರು.

"ಬಿಸಿಲಿಗೆ ನಂಗೆ ಗೆರೆ ಕಾಣ್ತಿಲ್ಲ. ನೀನು ನಿಂತ್ಕೊ."

ಬೌಲ್ ಮಾಡುತ್ತಿದ್ದವನು ನಮ್ಮ ಕ್ಯಾಪ್ಟನ್, ನನ್ನ ಜೀವದ ಗೆಳೆಯ. ಮೊದಲು ಗವಿಪುರದವರು ವೈಡ್ ಕೇಳಿದರು, ಕೊಡಲಿಲ್ಲ. ಅವರು ಬೈದರು. ಆಮೇಲೆ ನಮ್ಮವರು ರನ್ ಔಟ್ ಕೇಳಿದರು, ಅದನ್ನೂ ಕೊಡಲಿಲ್ಲ.

"ಏಯ್, ನೀನು ಯಾವ ಏರಿಯಾದವ್ನೋ?" ಎಂದ ಕ್ಯಾಪ್ಟನ್. "ಮುಂದಿನ್ವಾರ ಈ ಕಡೆ ಬರ್ಬೇಡ!"

ಮುಂದಿನ ಬಾಲ್ ಕೀಪರ್ ಕೈಗೆ ಹೋಯಿತು. ಇಡೀ ಬೀದಿ "ಔಟ್!" ಎಂದು ಕಿರುಚಿತು. ಬಾಲ್ ಬ್ಯಾಟನ್ನು ಸವರಿದ್ದು ನನಗೆ ಕಂಡಿರಲಿಲ್ಲ, ಕೇಳಿಸಿರಲೂ ಇಲ್ಲ. ಆದರೂ ಒಂದಕ್ಕೆ ಇಲ್ಲವೆಂದಾಗಿದೆ, ಇದೊಂದು ಕೊಟ್ಟರೆ ಗೆಳೆಯ ಉಳಿಯುತ್ತಾನೆ ಎನಿಸಿ ನನ್ನ ಬೆರಳು ಸೊಂಟದವರೆಗೆ ಎದ್ದಿತ್ತು. ಅಂಕಲ್ ಕಡೆ ನೋಡಿದೆ. ಅವರು ಥಟ್ಟನೆ ಬಗ್ಗಿ ಶೂ ಲೇಸ್ ಕಟ್ಟತೊಡಗಿದರು. ಕಾಲಲ್ಲಿದ್ದದ್ದು ಚಪ್ಪಲಿ!

ನಗು ಉಕ್ಕಿತು. ಕೈ ಕೆಳಗಿಳಿಯಿತು. "ನಾಟ್ ಔಟ್!"

ಮರುಬಾಲಿಗೇ ಫೋರ್. ನಾವು ಸೋತೆವು. ಗೆದ್ದವರೂ ಬಿಡಲಿಲ್ಲ: "ಆ ವೈಡ್ ಕೊಟ್ಟಿದ್ರೆ ಆಗ್ಲೇ ಗೆಲ್ತಿದ್ವಿ ಗುರು!"

"ಎರಡೂ ಕಡೆಯವರು ಬೈದ್ರು ಅಂಕಲ್. ಅಂದ್ರೆ ಸರಿಯಾಗೇ ಮಾಡಿದೀನಿ ಅಲ್ವಾ?"

"ಹಾಗೇನಿಲ್ಲಪ್ಪ. ತಪ್ಪು ಮಾಡಿದ್ರೂ ಎರಡೂ ಕಡೆ ಬೈತಾರೆ. ನಿಂಗೆ ಕಂಡಿದ್ದನ್ನ ಹೇಳಿದ್ಯಾ?"

"ಹೂಂ."

"ಮತ್ತೇನು? ಹೋಗು, ಅವನ್ನ ಕಾಫಿಗೆ ಕರ್ಕೊಂಡ್ಹೋಗು."

ಕರೆದೆ. ಕ್ಯಾಪ್ಟನ್ ಹೆಗಲ ಮೇಲಿಟ್ಟ ನನ್ನ ಕೈ ಕೊಡವಿ ಹೋದ. ತಿಂಗಳುಗಟ್ಟಲೆ ಮಾತಿಲ್ಲ. ನಾನು ಪ್ರತಿ ಭಾನುವಾರ ಕರೆಯುತ್ತಲೇ ಇದ್ದೆ.

ಈ ಬೇಸಿಗೆಯಲ್ಲಿ ಅಂಕಲ್ ನಿದ್ದೆಯಲ್ಲೇ ಹೋದರು. ಟೋಪಿ ನನ್ನಲ್ಲೇ ಉಳಿಯಿತು. ಅವರಿಲ್ಲದೆ ಅದನ್ನು ಹಾಕಿಕೊಂಡು ನಿಂತ ಮೊದಲ ಪಂದ್ಯದಲ್ಲೇ ಕ್ಯಾಪ್ಟನ್‌ಗೆ ಔಟ್ ಕೊಟ್ಟೆ. ಮೈದಾನವೆಲ್ಲ ಕೇಳುವಂತೆ ಬೈದ. ಸಂಜೆ ಅವನ ಹೆಗಲ ಮೇಲೆ ಕೈಹಾಕಿದೆ. ಈ ಸಲ ಕೊಡವಲಿಲ್ಲ.

ದರ್ಶಿನಿಯಲ್ಲಿ ಅರ್ಧ ಕಪ್ ಕೈಗೆತ್ತಿಕೊಂಡು, ಹೊಂಗೆಮರದ ಕಡೆ ನೋಡುತ್ತ ಹೇಳಿದ: "ಅವತ್ತಿನ ಕ್ಯಾಚು ಔಟೇ ಕಣೋ."

"ಕಾಫಿ ಆರ್ಹೋಗುತ್ತೆ, ಕುಡಿ," ಎಂದೆ.