ಹೊಗೆಗೂಡಿನಲ್ಲಿ ನಿಲ್ಲದ ಗಾರೆ

ಇದನ್ನು ನಂಬಿ ಎಂದು ನಾನು ಯಾರ ಕಾಲೂ ಹಿಡಿಯುವುದಿಲ್ಲ. ಕೊಪ್ಪದ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು ನಾನು. ಕಥೆ ಕಟ್ಟುವ ಪುರುಸೊತ್ತೂ ಇಲ್ಲ, ಬುದ್ಧಿಯೂ ಇಲ್ಲ. ದೆವ್ವದ ಸುದ್ದಿ ತೆಗೆದವರನ್ನು ಅಂಗಡಿಯಿಂದ ಎಬ್ಬಿಸಿ ಕಳಿಸಿದವನು. ಆದರೂ ಇದು ನಡೆದದ್ದು ನನ್ನದೇ ಮನೆಯ ಬಚ್ಚಲಿನಲ್ಲಿ, ನನ್ನ ಕಣ್ಣೆದುರಿಗೇ.

ಮಗಳು ವೀಣಾ ಬಾಣಂತನಕ್ಕೆ ಬಂದಿದ್ದಳು. ಚಳಿಗಾಲ. ಬಚ್ಚಲಲ್ಲಿ ಗೀಸರ್ ಇದೆ, ಆದರೆ ನನ್ನ ಹೆಂಡತಿ ಶಾರದೆಗೆ ಅದು ಲೆಕ್ಕಕ್ಕೇ ಇಲ್ಲ. ಬಾಣಂತಿಗೂ ಕೂಸಿಗೂ ಕಟ್ಟಿಗೆ ಉರಿಯಲ್ಲಿ ಕಾದ ಹಂಡೆ ನೀರೇ ಆಗಬೇಕು. ಸಾಲದ್ದಕ್ಕೆ ಅಡ್ಡಗದ್ದೆಯ ಅವಳ ತವರಿನ ಪದ್ಧತಿ ಬೇರೆ: ಕೂಸಿನ ಮೊದಲ ಸ್ನಾನಕ್ಕೆ ಹಚ್ಚಿದ ಬೆಂಕಿ ಬಾಣಂತನ ಮುಗಿಯುವ ತನಕ ಆರಬಾರದು. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚುವುದು, ಬೆಳಿಗ್ಗೆ ಊದಿ ಎಬ್ಬಿಸುವುದು.

ತೊಂದರೆ ಬಂದದ್ದು ಹೊಗೆಗೂಡಿನಿಂದ. ಬಚ್ಚಲ ಒಲೆಯ ಹೊಗೆ ಮಾಡಿನಾಚೆ ಹೋಗಲಿ ಎಂದು ಇಟ್ಟಿಗೆಯಲ್ಲಿ ಕಟ್ಟಿದ ಗೂಡು ಅದು. ಹಳೇ ಗಾರೆ ಪುಡಿಯಾಗಿ, ಇಟ್ಟಿಗೆ ಸಡಿಲಾಗಿ, ಹೊಗೆಯೆಲ್ಲ ಬಚ್ಚಲಿಗೇ ಬರತೊಡಗಿತು. ಪಕ್ಕದಲ್ಲೇ ಬಾಣಂತಿ ಕೋಣೆ. ನಡುವಿನ ಗೋಡೆ ಮಾಡಿನ ತನಕ ಇಲ್ಲ. ಹೊಗೆ ಮೇಲಿನಿಂದ ದಾಟಿ ತೊಟ್ಟಿಲಿಗೆ ಇಳಿಯುತ್ತಿತ್ತು. ಕೂಸು ರಾತ್ರಿಯೆಲ್ಲ ಕೆಮ್ಮುತ್ತಿತ್ತು.

ಹೊಗೆ ನಿಲ್ಲಿಸಿ, ಇಲ್ಲವೇ ಕೂಸನ್ನು ಬೇರೆ ಕಡೆ ಕಳಿಸಿ ಎಂದರು ಡಾಕ್ಟರು. ಸುದ್ದಿ ತಿಳಿದ ಬೀಗಿತ್ತಿಯದು ನರಸಿಂಹರಾಜಪುರದಿಂದ ದಿನಾ ಫೋನು: ನಿಮ್ಮ ಕೈಲಾಗದಿದ್ದರೆ ನಾವೇ ಕರೆದುಕೊಂಡು ಹೋಗುತ್ತೇವೆ. ಮೊದಲ ಮೊಮ್ಮಗು. ಬಾಣಂತನ ಅರ್ಧಕ್ಕೆ ನಿಂತರೆ ನನ್ನ ಮಾನ ಹಾಗಿರಲಿ, ಶಾರದೆ ಹಾಸಿಗೆ ಹಿಡಿಯುತ್ತಿದ್ದಳು.

ಕಮ್ಮರಡಿಯಿಂದ ಗಾರೆ ಕೆಲಸದ ಬಾಬಣ್ಣನನ್ನು ಕರೆಸಿದೆ. ಒಲೆ ಆರಿಸದೆ ಕೆಲಸ ಆಗುವುದಿಲ್ಲ, ಗಾರೆ ಗಟ್ಟಿಯಾಗುವ ತನಕ ಹಚ್ಚುವ ಹಾಗೂ ಇಲ್ಲ ಎಂದ. ಕೆಂಡವನ್ನು ಒಂದು ಬಾಣಲೆಗಾದರೂ ತೆಗೆದಿಡುತ್ತೇನೆ ಎಂದು ಶಾರದೆ ಹಠ ಹಿಡಿದಳು. ನನಗೆ ಸ್ಟುಡಿಯೋಕ್ಕೆ ಹೊತ್ತಾಗುತ್ತಿತ್ತು. ತಂಬಿಗೆ ನೀರು ಸುರಿದುಬಿಟ್ಟೆ. ಚುಂಯ್... ಎಂದು ಬೂದಿ ಮುಖಕ್ಕೆ ಎದ್ದಿತು. ಶಾರದೆ ಬಾಣಲೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಬಾಬಣ್ಣ ಸಂದುಗಳನ್ನು ಕೆರೆದು, ನೀರು ಹೊಡೆದು, ಹೊಸ ಗಾರೆ ತುಂಬಿದ. ಮರುದಿನ ಬೆಳಿಗ್ಗೆ ನೋಡಿದರೆ ಗಾರೆಯೆಲ್ಲ ಒಲೆಯ ಮುಂದೆ ಬಿದ್ದಿತ್ತು.

ಇಲಿ ಇರಬೇಕು ಎಂದ. ಮತ್ತೆ ತುಂಬಿದ. ಮತ್ತೆ ಬಿತ್ತು. ಮರಳು ಸರಿಯಿಲ್ಲ ಎಂದ, ಬೇರೆ ಮರಳು ತರಿಸಿದೆ. ಅದೂ ಬಿತ್ತು. ಸಿಮೆಂಟು ಜಾಸ್ತಿ ಹಾಕು ಎಂದು ಕೂಗಾಡಿದೆ, ಹಾಕಿದ... ಬೆಳಿಗ್ಗೆ ಅದೂ ನೆಲದಲ್ಲಿ. ಊರಿಗೆಲ್ಲ ಮನೆ ಕಟ್ಟಿಕೊಡುವವನಿಗೆ ನಮ್ಮ ಮನೆಯ ಇಟ್ಟಿಗೆ ಕೂರಿಸಲು ಬರುವುದಿಲ್ಲವೇ ಎಂದು ರೇಗಿದೆ. ಅವನು ಬಿದ್ದ ಗಾರೆಯ ಹೆಂಟೆಯೊಂದನ್ನು ನನ್ನ ಅಂಗೈಗೆ ಹಾಕಿದ.

"ಇದು ತಾನಾಗಿ ಬಿದ್ದದ್ದಲ್ಲ ಮಾರಾಯ್ರೆ. ಒಳಗಿಂದ ದೂಡಿದ್ದು. ಬೆರಳಿನ ಗುರ್ತು ನೋಡಿ."

ಗುರುತು ಇತ್ತು. ಸಪೂರ ಬೆರಳು... ಹೆಂಗಸರದ್ದು. ಆ ಗೂಡಿನೊಳಗೆ ಬೆಕ್ಕು ನುಗ್ಗುವಷ್ಟೂ ಜಾಗವಿಲ್ಲ. ನಿನ್ನದೇ ಕೈ ತಾಗಿರಬೇಕು ಎಂದು ಹೆಂಟೆಯನ್ನು ಎಸೆದೆ. ಇನ್ನೊಂದು ಸಲ ತುಂಬಿ ಹೋಗು ಎಂದೆ.

ಅವತ್ತು ಊಟ ಮುಗಿಸಿ, ಟಾರ್ಚು ಹಿಡಿದು ಬಚ್ಚಲಲ್ಲಿ ಮಣೆ ಹಾಕಿ ಕೂತೆ. ಇಲಿಯೋ ಹೆಗ್ಗಣವೋ, ಇವತ್ತು ಇತ್ಯರ್ಥ ಆಗಲಿ ಎಂಬ ಸಿಟ್ಟು. ಶಾರದೆ ಬಂದು ಬಾಗಿಲಲ್ಲಿ ನಿಂತಳು. ಕರೆಂಟು ಹೋಯಿತು. ನಮ್ಮ ಕಡೆ ಅದೇನು ವಿಶೇಷವಲ್ಲ. ಆಚೆ ಕೋಣೆಯಲ್ಲಿ ಕೂಸು ರಚ್ಚೆ ಹಿಡಿದಿತ್ತು.

ಮೊದಲು ಬಂದದ್ದು ವಾಸನೆ. ಸಾಂಬ್ರಾಣಿ... ಸ್ನಾನವಾದ ಮೇಲೆ ಕೂಸಿಗೆ ಹಿಡಿಯುವ ಸಾಂಬ್ರಾಣಿ ಹೊಗೆ. ಡಾಕ್ಟರು ಹೇಳಿದ ಮೇಲೆ ಅದನ್ನೂ ಬಿಟ್ಟಿದ್ದೆವು. ವಾಸನೆ ಬರುತ್ತಿದ್ದದ್ದು ಆರಿದ ಒಲೆಯಿಂದ. ಗೂಡಿಗೆ ಕೈಯಿಟ್ಟೆ. ಇಟ್ಟಿಗೆ ಬೆಚ್ಚಗಿತ್ತು.

ಆಮೇಲೆ ಕೆರೆಯುವ ಸದ್ದು. ಕರ್ರ್... ಕರ್ರ್... ಆತುರವೇ ಇಲ್ಲ. ನೋಡುತ್ತಿದ್ದಂತೆ ಗಾರೆ ಸಂದಿನಿಂದ ಉಬ್ಬಿ ಬಂದು ಪಚಕ್ಕೆಂದು ನನ್ನ ಪಾದದ ಹತ್ತಿರ ಬಿತ್ತು. ಸಂದಿಗೆ ಟಾರ್ಚು ಬಿಟ್ಟೆ. ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ.

ಕೆರೆತ ನಿಂತಿತು. ಅದರ ಬದಲು ಗೂಡಿನ ಒಳಗಿನಿಂದ ಮೆಲ್ಲಗೆ... ತಪ್... ತಪ್... ತಪ್... ಕೂಸಿನ ಬೆನ್ನು ತಟ್ಟುವ ಹಾಗೆ. ಸದ್ದು ಮೇಲಕ್ಕೆ ಹೋಯಿತು. ಗೋಡೆ ದಾಟಿತು. ಆಚೆ ಕೋಣೆಯಲ್ಲಿ ಅಳು ನಿಂತಿತು. ಕೂಸು ಊಂ... ಎಂದು ಓಗೊಟ್ಟಿತು.

ಗೋಡೆಯಾಚೆಯಿಂದ ವೀಣಾ ನಿದ್ದೆಗಣ್ಣಿನ ದನಿಯಲ್ಲಿ ಪಿಸುಗುಟ್ಟಿದಳು.

"ತಟ್ಟಿದ್ದು ಸಾಕು ಅಮ್ಮಾ. ಕೂಸು ಮಲಗ್ತು. ನೀನೂ ಹೋಗಿ ಮಲಕ್ಕೊ."

ಶಾರದೆ ನನ್ನ ರಟ್ಟೆ ಹಿಡಿದುಕೊಂಡಳು. "ನಾ ಇಲ್ಲೇ ಇದ್ದೇನೆ ಅಲ್ದಾ?" ಎಂದಳು, ತನಗೇ ಖಾತ್ರಿಯಿಲ್ಲದವಳ ಹಾಗೆ.

ಇಬ್ಬರೂ ಕೋಣೆಗೆ ಓಡಿದೆವು. ವೀಣಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಸು ನಿದ್ದೆಯಲ್ಲಿತ್ತು. ತೊಟ್ಟಿಲು ಇನ್ನೂ ತೂಗುತ್ತಿತ್ತು... ಸಾಂಬ್ರಾಣಿ ವಾಸನೆಗೆ ಉಸಿರು ಕಟ್ಟುವ ಹಾಗಿತ್ತು. ನನಗೆ ಭಯವಾಯಿತು. ಅದಕ್ಕಿಂತ ಹೆಚ್ಚು, ಅಸಾಧ್ಯ ಸಿಟ್ಟು ಬಂತು. ಇಲಿಯಾದರೆ ಹೊಡೆಯಬಹುದಿತ್ತು. ಇದಕ್ಕೆ ಏನು ಮಾಡುವುದು?

ಬೆಳಿಗ್ಗೆ ನಾನೇ ಬೀಗಿತ್ತಿಗೆ ಫೋನು ಮಾಡಿ, ಕರೆದುಕೊಂಡು ಹೋಗಿ ಎಂದೆ. ಒಂದು ಹೊಗೆಗೂಡು ರಿಪೇರಿ ಮಾಡಿಸಲಾಗದವನು ಎಂಬ ಹೆಸರು ಹೊತ್ತುಕೊಂಡೆ. ಮಗಳಿಗೆ ನಿಜ ಹೇಳಲಿಲ್ಲ. ಹೊಗೆಗೂಡು ರಿಪೇರಿ ಆಗಲಿಲ್ಲ ಎಂಬ ಕಾರಣ ಸಾಕಾಯಿತು. ಕಾರು ತಿರುವು ದಾಟುವ ತನಕ ಶಾರದೆ ಗೇಟಿನಲ್ಲೇ ನಿಂತಿದ್ದಳು. ಇವತ್ತಿಗೂ ಅವಳದು ನನ್ನ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತು.

ಅದೇ ಸಂಜೆ ಬಾಬಣ್ಣ ಬಂದು, ಅದೇ ಮರಳು, ಅದೇ ಸಿಮೆಂಟಿನಲ್ಲಿ ಗಾರೆ ತುಂಬಿದ. ನಿಂತಿತು. ಇವತ್ತಿನ ತನಕ ಒಂದು ಹರಳೂ ಉದುರಿಲ್ಲ. ಕೈಯಿಟ್ಟರೆ ಇಟ್ಟಿಗೆ ತಣ್ಣಗಿರುತ್ತದೆ. ಬಾಬಣ್ಣನಿಗೆ ಗೆದ್ದ ಖುಷಿ. ನನಗೆ ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ.

ಮಗಳಿಗೆ ಫೋನು ಮಾಡಿದಾಗಲೆಲ್ಲ ಕೂಸು ಹೇಗಿದೆ ಎಂದು ಕೇಳುತ್ತೇನೆ. ಕೆಮ್ಮು ಹೋಗಿದೆಯಂತೆ, ಮೈ ಕೈ ತುಂಬಿಕೊಂಡಿದೆಯಂತೆ.

"ತೊಟ್ಟಿಲು ತೂಗುವುದೇ ಬೇಡ ಅಪ್ಪಯ್ಯ," ಎನ್ನುತ್ತಾಳೆ. "ರಾತ್ರಿ ತನ್ನಷ್ಟಕ್ಕೇ ಊಂ ಊಂ ಅಂತ ಓಗೊಡ್ತಾ ಮಲಗ್ತದೆ."

ಯಾರಿಗೆ ಓಗೊಡುತ್ತದೆ ಎಂದು ಕೇಳಲು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಆಮೇಲೆ, ಅಲ್ಲಿ ಚಳಿ ಹೇಗಿದೆ ಎಂದು ವಿಚಾರಿಸಿ ಫೋನು ಇಟ್ಟುಬಿಡುತ್ತೇನೆ.